ಚೆಲ್ಲಬೇಕಾದ ಕಟ್ಟು

ನಮ್ಮ ಕಡೆ ಸೊಪ್ಪು ಬೇಯಿಸಿದ ನೀರನ್ನು ಯಾರೂ ಚೆಲ್ಲುವುದಿಲ್ಲ. ಸೊಪ್ಪು, ಕಾಳು ಎರಡನ್ನೂ ಒಟ್ಟಿಗೆ ಬೇಯಿಸಿ, ಪಾತ್ರೆಯ ಬಾಯಿಗೆ ತಟ್ಟೆ ಒತ್ತಿ ಹಿಡಿದು ಬಸಿದರೆ ಕೆಳಗೆ ಇಳಿಯುವ ನೀರಿಗೆ ಕಟ್ಟು ಎನ್ನುತ್ತೇವೆ. ಖಾರ ಅರೆದು ಅದಕ್ಕೆ ಕೂಡಿಸಿ ಕುದಿಸಿದರೆ ಬಸ್ಸಾರು. ಮೇಲೆ ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಪಲ್ಯ ಇದ್ದರೂ ಆದೀತು, ಇಲ್ಲದಿದ್ದರೂ ಆದೀತು; ಮುದ್ದೆ ಇಳಿಯುವುದು ಸಾರಿನಲ್ಲಿ. ಮದ್ದೂರಿನಿಂದ ಮಳವಳ್ಳಿಯವರೆಗೆ ಯಾವ ಮನೆಯಲ್ಲಿ ಕೇಳಿದರೂ ಕಟ್ಟು ಚೆಲ್ಲಿದ ಹೆಂಗಸೆಂದರೆ ಅಡುಗೆ ಬಾರದವಳು, ಇಲ್ಲವೇ ಬುದ್ಧಿ ಸ್ಥಿಮಿತದಲ್ಲಿ ಇಲ್ಲದವಳು.

ಇದು ಗೊತ್ತಿಲ್ಲದ ಒಬ್ಬ ಹುಡುಗಿ ಮಂಡ್ಯದ ಆಸ್ಪತ್ರೆಯೊಂದರಲ್ಲಿ ಪಥ್ಯ ಹೇಳುವ ಕೆಲಸದಲ್ಲಿದ್ದಳು. ನನ್ನ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿವೆಯೆಂದೂ, ಇನ್ನು ಬದುಕಿರುವಷ್ಟು ಕಾಲ ವಾರದಲ್ಲಿ ಮತ್ತೆ ಮತ್ತೆ ಬಂದು ಯಂತ್ರಕ್ಕೆ ರಕ್ತ ಕೊಟ್ಟು ಶುದ್ಧಿ ಮಾಡಿಸಿಕೊಳ್ಳಬೇಕೆಂದೂ ವೈದ್ಯರು ತೀರ್ಮಾನ ಹೇಳಿದ ಮೇಲೆ, ನಾವು ಗಂಡಹೆಂಡಿರು ಆ ಹುಡುಗಿಯ ಮುಂದೆ ಕುಳಿತೆವು. ಅವಳು ನನ್ನನ್ನು ನೋಡಲಿಲ್ಲ. ಅಡುಗೆ ಮಾಡುವವಳು ಯಾರೆಂದು ನೋಡಿ ಹೆಂಡತಿಯ ಕಡೆ ತಿರುಗಿದಳು. ಎಳನೀರು ಬೇಡ, ಬಾಳೆಹಣ್ಣು ಬೇಡ, ಉಪ್ಪಿನಕಾಯಿ ಬೇಡ. ರಾಗಿ ಆದಷ್ಟು ಕಡಿಮೆ. ತರಕಾರಿ, ಸೊಪ್ಪು ಕೊಡುವುದಾದರೆ ಸಣ್ಣಗೆ ಹೆಚ್ಚಿ, ತುಂಬಾ ನೀರಿನಲ್ಲಿ ಬೇಯಿಸಿ, ಆ ನೀರನ್ನು ಪೂರ್ತಿ ಚೆಲ್ಲಬೇಕು. ಸೊಪ್ಪಿನಲ್ಲಿರುವ ಪೊಟ್ಯಾಸಿಯಂ ಎಂಬ ಲವಣ ಆ ನೀರಿಗೆ ಇಳಿಯುತ್ತದೆ. ಮೂತ್ರಪಿಂಡ ಇಲ್ಲದವನ ರಕ್ತದಲ್ಲಿ ಅದು ಏರಿದರೆ ಹೃದಯ ನಿಲ್ಲುತ್ತದೆ.

"ನೀರ ಚೆಲ್ಬುಡ್ಬೇಕಾ?" ಎಂದು ನನ್ನ ಹೆಂಡತಿ ಕೇಳಿದಳು.

"ಚೆಲ್ಲಿ ಅಮ್ಮ."

"ಪೂರ್ತಿಯಾ?"

"ಒಂದು ತೊಟ್ಟೂ ಇವರಿಗೆ ಹೋಗಬಾರದು."

ಹೆಂಡತಿ ತಲೆಯಾಡಿಸಿದಳು. ಬಸ್ಸು ಹತ್ತಿ ಕುಳಿತು ಮಂಡ್ಯ ಹಿಂದೆ ಬಿದ್ದ ಮೇಲೆ, ಕಿಟಕಿಯ ಕಡೆ ಮುಖ ಮಾಡಿ, "ಆ ಉಡ್ಗಿ ಯಾವೂರವಳೋ ಕಾಣೆ" ಎಂದಳು. ಅಷ್ಟೇ ಹೇಳಿದಳು. ಆ ಮಾತಿಗೆ ನಾನು ಆಗ ಬೆಲೆ ಕೊಡಲಿಲ್ಲ.

ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು. ಓದು ಕಲಿತದ್ದು ಭಾರತೀನಗರದಲ್ಲಿ, ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳ ಸಾಲಿನಲ್ಲಿ. ಎತ್ತು ಬಿಚ್ಚಿ ನೆರಳಿಗೆ ಕಟ್ಟಿದ ಮೇಲೆ ಗಾಡಿ ಮುಂದೆ ಸರಿಯುವವರೆಗೆ ಬೇರೆ ಕೆಲಸವಿರಲಿಲ್ಲ. ಬೇರೆಯವರು ಇಸ್ಪೀಟು ಆಡುತ್ತಿದ್ದರು. ನಾನು ಗ್ರಂಥಾಲಯಕ್ಕೆ ಹೋಗಿ ಕೈಗೆ ಸಿಕ್ಕಿದ್ದನ್ನು ಓದುತ್ತಿದ್ದೆ. ಗುರುವಿಲ್ಲದೆ ಓದಿದವನಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ: ಹೇಳಿದ್ದನ್ನು ಹೇಳಿದ ಹಾಗೆ ಒಪ್ಪಲಾರ. ನಮ್ಮ ಸೀಮೆಯಲ್ಲಿ ಪ್ರತಿ ಮನೆಯ ತಾತನೂ ಸ್ವಾತಂತ್ರ್ಯ ಚಳವಳಿಯ ಕಾಲಕ್ಕೆ ಶಿವಪುರದಲ್ಲಿ ಬಾವುಟ ಹಾರಿದಾಗ ಅಲ್ಲಿ ನಿಂತಿದ್ದವನೇ. ಅಷ್ಟು ಜನ ನಿಜವಾಗಿಯೂ ಬಂದಿದ್ದರೆ ಆ ಬಯಲು ಹಿಡಿಸುತ್ತಿತ್ತೇ ಎಂದು ಹರೆಯದಲ್ಲೇ ಕೇಳಿ ನಾನು ಬೈಸಿಕೊಂಡಿದ್ದೆ. ನಮ್ಮ ತಾತನೂ ಅಲ್ಲಿದ್ದನೆಂದು ಅಪ್ಪ ಹೇಳುತ್ತಿದ್ದರು. ಆವತ್ತು ಅವನು ಎತ್ತು ನೋಡಲು ಬೇರೆ ಊರಿಗೆ ಹೋಗಿದ್ದನೆಂದು ಅಜ್ಜಿ ಹೇಳುತ್ತಿದ್ದಳು. ನಾನು ಅಜ್ಜಿಯ ಮಾತನ್ನು ನಂಬಿದೆ. ಅವಳಿಗೆ ಅದರಿಂದ ಲಾಭವಿರಲಿಲ್ಲ.

ಕಾಯಿಲೆ ಬಂದಾಗ ಅದಕ್ಕೂ ಹತ್ತಾರು ಕಥೆಗಳು ಹುಟ್ಟಿದವು. ಕೊಳವೆ ಬಾವಿಯ ನೀರಿನಿಂದ ಎಂದು ಒಬ್ಬರು, ಗೊಬ್ಬರ ಹಾಕಿ ಬೆಳೆದ ಅಕ್ಕಿಯಿಂದ ಎಂದು ಇನ್ನೊಬ್ಬರು. ದೇವರಿಗೆ ಎದುರು ಮಾತಾಡಿದ್ದಕ್ಕೆ ಎಂದು ನನ್ನ ಮುಖದೆದುರೇ ಹೇಳಿದವರೂ ಇದ್ದಾರೆ. ವೈದ್ಯರು ರಕ್ತದೊತ್ತಡ ಎಂದರು, ಮಂಡಿನೋವಿಗೆ ವರ್ಷಗಟ್ಟಲೆ ನುಂಗಿದ ಮಾತ್ರೆಯೂ ಇರಬಹುದು ಎಂದರು. ಆ 'ಇರಬಹುದು' ಎಂಬ ಮಾತಿಗಾಗಿ ಅವರ ಮೇಲೆ ನನಗೆ ಕೊಂಚ ಗೌರವ ಹುಟ್ಟಿತು. ಉಳಿದ ಯಾರಿಗೂ ಸಂದೇಹವೇ ಇರಲಿಲ್ಲ. ಬಾಳೆದಿಂಡಿನ ರಸ ಕುಡಿದರೆ ವಾಸಿಯಾಗುತ್ತದೆ ಎಂಬ ಸಂದೇಶವನ್ನು ನೆಂಟರಿಷ್ಟರೆಲ್ಲ ಮೊಬೈಲಿಗೆ ಕಳಿಸಿದರು. ಅದು ಕಲ್ಲಿಗೆ ಹೇಳುವ ಮದ್ದು, ನನಗಿರುವುದು ಕಲ್ಲಲ್ಲ ಎಂದು ಬರೆದು ಸಾಕಾಗಿ, ಕೊನೆಗೆ ಮೊಬೈಲನ್ನು ಕವುಚಿ ಇಡುವುದನ್ನು ಕಲಿತೆ.

ಅನುಸರಿಸಿಕೊಂಡು ಹೋಗಬೇಕು ಎನ್ನುತ್ತಾರೆ. ಹೇಗೆಂದು ಯಾರೂ ಹೇಳುವುದಿಲ್ಲ. ನನ್ನ ಎಡಗೈಯ ಮಣಿಕಟ್ಟಿನ ಮೇಲೆ ಎರಡು ರಕ್ತನಾಳಗಳನ್ನು ಕೂಡಿಸಿ ಹೊಲಿದಿದ್ದಾರೆ. ಸೂಜಿ ಚುಚ್ಚುವುದು ಅಲ್ಲಿಗೇ. ಬೆಳಿಗ್ಗೆ ಎದ್ದ ಕೂಡಲೇ ಅದನ್ನು ಕಿವಿಗೆ ಹಿಡಿಯುತ್ತೇನೆ. ದೂರದ ಗದ್ದೆಯಲ್ಲಿ ಪಂಪುಸೆಟ್ಟು ಓಡಿದ ಹಾಗೆ ಒಂದು ಸದ್ದು ಬರಬೇಕು. ಬಂದರೆ ಆ ದಿನ ಉಂಟು. ಆ ಕೈಯಲ್ಲಿ ಕೊಡ ಎತ್ತುವಂತಿಲ್ಲ, ಹಗ್ಗ ಜಗ್ಗುವಂತಿಲ್ಲ, ಅದರ ಮೇಲೆ ಮಲಗುವಂತಿಲ್ಲ. ಒಂದು ದಿನಕ್ಕೆ ಇಷ್ಟೇ ನೀರೆಂದು ಒಂದು ಚೊಂಬನ್ನು ಗೊತ್ತು ಮಾಡಿದ್ದಾರೆ. ಮಾತ್ರೆ ನುಂಗುವುದೂ ಅದರಲ್ಲೇ, ಸಾರೂ ಮಜ್ಜಿಗೆಯೂ ಅದರ ಲೆಕ್ಕಕ್ಕೇ. ನಮ್ಮ ಗದ್ದೆಯ ಬದುವಿನ ಪಕ್ಕದಲ್ಲೇ ನಾಲೆಯ ನೀರು ದಡ ತುಂಬಿ ಹರಿಯುವಾಗ ನಾನು ಲವಂಗ ಕಚ್ಚಿಕೊಂಡು ನಿಂತಿರುತ್ತೇನೆ. ಬಾಯಿ ಮುಕ್ಕಳಿಸಿ ಉಗುಳಬಹುದು. ಅಷ್ಟು ನೀರು ಉಗುಳುವಾಗ ಮನುಷ್ಯನಿಗೆ ಬರುವ ಕೋಪ ಯಾರ ಮೇಲಿನದು ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಇದೆಲ್ಲವನ್ನೂ ನಾನು ಚಾಚೂ ತಪ್ಪದೆ ಮಾಡಿದೆ. ವೈದ್ಯರ ಮೇಲಿನ ಭಕ್ತಿಯಿಂದ ಮಾಡಿದ್ದಲ್ಲ. ನೀರು ಹೆಚ್ಚು ಕುಡಿದ ದಿನ ಕಾಲು ಊದಿಕೊಂಡು ಉಸಿರು ಕಟ್ಟಿದ್ದನ್ನು ಕಂಡು, ಪರೀಕ್ಷಿಸಿ, ನಿಜವೆಂದು ಒಪ್ಪಿ ಮಾಡಿದ್ದು. ರಾಗಿಯ ವಿಷಯದಲ್ಲಿ ಮಾತ್ರ ಚೌಕಾಸಿ ಮಾಡಿದೆ. ಮಧ್ಯಾಹ್ನ ನಿಂಬೆಹಣ್ಣಿನ ಗಾತ್ರಕ್ಕಿಂತ ತುಸು ದೊಡ್ಡದಾದ ಒಂದು ಮುದ್ದೆಗೆ ಅವರು ಒಪ್ಪಿದರು.

ಹೀಗಿರುವಾಗ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಏರಿತು. ಯಂತ್ರದ ಬಳಿ ಕೆಲಸ ಮಾಡುವ ಸಿಸ್ಟರ್ ಮಳವಳ್ಳಿ ಕಡೆಯವಳು, ಬಾಯಿ ಜೋರು.

"ಏನ್ ತಿಂದ್ರಿ ತಾತ?"

"ಏನೂ ಇಲ್ಲ."

"ಏನೂ ಇಲ್ದೆ ಇಷ್ಟು ಏರಾಕೆ ಅದೇನು ನಾಲೆ ನೀರಾ? ಬಾಳೆಹಣ್ಣು ತಿಂದಿದ್ರೆ ಏಳ್ಬುಡಿ, ನಾನೇನು ಬಡಿಯಾಕಿಲ್ಲ."

"ನಾನು ಸುಳ್ಳು ಹೇಳುವವನಲ್ಲ ಕಣಮ್ಮ."

"ಎಲ್ರೂ ಇಂಗೇ ಅನ್ನದು" ಎಂದು ಅವಳು ಪಕ್ಕದ ಮಂಚಕ್ಕೆ ಹೋದಳು.

ಮುಂದಿನ ಸಲ ಇನ್ನೂ ಏರಿತ್ತು. ಆಗ ಅವಳು ಕೇಳಲೂ ಇಲ್ಲ. ನನ್ನನ್ನು ನೋಡಿ ತುಟಿ ಬಿಗಿದಳು. ಕದ್ದು ತಿನ್ನುವ ಮುದುಕರ ಪಟ್ಟಿಗೆ ನಾನೂ ಸೇರಿದ್ದೆ. ಬದುಕಿನುದ್ದಕ್ಕೂ ಬೇರೆಯವರ ಮಾತನ್ನು ಸಂಶಯದಿಂದ ನೋಡಿದವನಿಗೆ ತನ್ನ ಮಾತೇ ಸಂಶಯಕ್ಕೆ ಗುರಿಯಾದಾಗ ಆಗುವ ಉರಿ ಬೇರೆಯೇ. ನಾನು ಆಸ್ಪತ್ರೆಯ ಪರೀಕ್ಷೆಯೇ ತಪ್ಪೆಂದು ತೀರ್ಮಾನಿಸಿದೆ. ಮದ್ದೂರಿಗೆ ಹೋಗಿ ಬೇರೊಂದು ಕಡೆ ರಕ್ತ ಕೊಟ್ಟು ಬಂದೆ. ಅಲ್ಲಿಯೂ ಅದೇ ಬಂತು. ಎರಡು ಊರಿನ ಎರಡು ಯಂತ್ರಗಳು ಸೇರಿ ನನ್ನ ವಿರುದ್ಧ ಪಿತೂರಿ ಮಾಡಲಾರವು ಎಂಬಷ್ಟು ತರ್ಕ ನನಗಿತ್ತು. ಹಾಗಾದರೆ ಲವಣ ಎಲ್ಲಿಂದ ಬರುತ್ತಿದೆ? ಮನೆಗೆ ಬಂದು ಹೆಂಡತಿಯನ್ನು ಕೇಳಿದೆ.

"ಸೊಪ್ಪಿನ ನೀರು ಚೆಲ್ಲುತ್ತಿದ್ದೀಯ ತಾನೆ?"

"ಪಲ್ಯ ನೀವೇ ಉಣ್ತೀರಲ್ಲ, ಅದ್ರಲ್ಲಿ ನೀರು ಅದಾ?" ಎಂದಳು.

ಇರಲಿಲ್ಲ. ಪಲ್ಯ ಹಿಂಡಿದ ಬಟ್ಟೆಯಂತೆ ಸಪ್ಪಗಿರುತ್ತಿತ್ತು. ಅವಳ ಉತ್ತರ ಉತ್ತರವೇ ಅಲ್ಲವೆಂದು ಅಂದು ನನಗೆ ಹೊಳೆಯಲಿಲ್ಲ. ಊರಿನವರ ಮಾತನ್ನೆಲ್ಲ ಸೋಸಿ ನೋಡುವ ನಾನು ನನ್ನ ತಟ್ಟೆಗೆ ಬಡಿಸಿದವಳ ಮಾತನ್ನು ಹಾಗೇ ನುಂಗಿದೆ.

ಹೆಂಡತಿಯೊಡನೆ ಆಸ್ಪತ್ರೆಗೆ ಹೊರಟವನು ಭಾರತೀನಗರದ ಬಸ್ ನಿಲ್ದಾಣದಲ್ಲಿ ಬಿದ್ದೆ. ಮಂಡ್ಯದ ಬಸ್ಸು ಬಂದು ನಿಂತಿತು, ಕಾಲೇಜಿನ ಹುಡುಗಿಯರು ಹತ್ತಿದರು, ನಾನು ಮೆಟ್ಟಿಲಿಗೆ ಕಾಲಿಡಲು ಹೋದರೆ ಕಾಲು ಮೇಲೇಳಲಿಲ್ಲ. ನೋವಿರಲಿಲ್ಲ. ತೊಡೆಯಿಂದ ಕೆಳಗೆ ಯಾರದ್ದೋ ಕಾಲುಗಳನ್ನು ಜೋಡಿಸಿದ ಹಾಗಿತ್ತು. ಹಿಂದಿನಿಂದ ಯಾರೋ, "ಅತ್ತಯ್ಯೋ ಯಜಮಾನ, ಇಲ್ದಿದ್ರೆ ದಾರಿ ಬುಡು" ಎಂದರು. ಆಮೇಲೆ ನೆನಪಿರುವುದು ಆಟೋದ ಟಾಪು, ಹೆಂಡತಿಯ ಸೆರಗು, ಎದೆಯೊಳಗೆ ಬಡಿತಕ್ಕೂ ಬಡಿತಕ್ಕೂ ನಡುವಿನ ದೀರ್ಘವಾದ ಬಿಡುವು. ಇನ್ನು ಸ್ವಲ್ಪ ತಡವಾಗಿದ್ದರೆ ಹೃದಯ ನಿಂತೇಹೋಗುತ್ತಿತ್ತು ಎಂದು ವೈದ್ಯರು ಆಮೇಲೆ ಹೇಳಿದರು. ಆ ಮಾತನ್ನು ನಾನು ಸಂಶಯಿಸಲಿಲ್ಲ. ನಿಲ್ಲುವುದು ಹೇಗಿರುತ್ತದೆಂದು ನನಗೇ ಗೊತ್ತಾಗಿತ್ತು.

ಆಸ್ಪತ್ರೆಯಲ್ಲಿದ್ದಾಗ ಪೂರಿಗಾಲಿಯಿಂದ ನನ್ನ ಭಾವಮೈದ, ಹೆಂಡತಿಯ ತಮ್ಮ, ನೋಡಲು ಬಂದ. ಎರಡು ಕೈಯಲ್ಲೂ ಎಳನೀರಿನ ಗೊಂಚಲು.

"ಭಾವ, ಮದ್ದೂರಲ್ಲಿಳಿದು ನಾನೇ ತಟ್ಟಿ ನೋಡಿ ತಂದೆ. ಗಂಜಿ ಇಲ್ಲ, ಬರೀ ನೀರು. ಕುಡೀರಿ, ಕಿಡ್ನಿ ತೊಳ್ಕಂಡು ಓಯ್ತದೆ."

"ತೊಳೆಯೋಕೆ ಅದೇನು ಹಂಡೆಯೇನಯ್ಯ? ನನಗದು ವಿಷ."

"ಎಳನೀರು ವಿಸಾನಾ?" ಎಂದು ಅವನು ಪಕ್ಕದ ಮಂಚದವರನ್ನೆಲ್ಲ ಒಮ್ಮೆ ನೋಡಿದ. "ಯಾರ್ ಏಳಿದ್ರು?"

"ಡಾಕ್ಟರು."

"ನೀವು ಯಾವತ್ನಿಂದ ಭಾವ, ಇನ್ನೊಬ್ರು ಏಳಿದ್ದ ನಂಬಾಕೆ ಸುರು ಮಾಡಿದ್ದು?"

ವಾರ್ಡಿನವರೆಲ್ಲ ನಕ್ಕರು. ನನ್ನ ಹೆಂಡತಿ ನಗಲಿಲ್ಲ. ಸಿಸ್ಟರ್ ಬಂದು ಗೊಂಚಲು ಕಸಿದುಕೊಂಡು, "ಇದ ಈ ಮಂಚದ ತಾವ ಕಂಡ್ರೆ ನಿನ್ನೂ ಒಂದು ಮಂಚದ ಮೇಲೆ ಮಲಗಿಸ್ತೀನಿ ಕಣಣ್ಣೋ, ಓಗು" ಎಂದಳು. ಅವನು ಮುನಿಸಿಕೊಂಡು ಹೋದ. ಎಳನೀರನ್ನು ಹಿಂದಕ್ಕೆ ಕಳಿಸುವುದು ನಮ್ಮಲ್ಲಿ ಬಂದವರ ಮುಖಕ್ಕೆ ಬಾಗಿಲು ಹಾಕಿದ ಹಾಗೆ.

ಮನೆಗೆ ಮರಳಿದ ಮೇಲೆ ಕೆಲವು ದಿನ ಹೊರಗೆ ತಿರುಗುವ ಶಕ್ತಿಯಿರಲಿಲ್ಲ. ಅಡುಗೆಮನೆಯ ಹೊಸ್ತಿಲ ಬಳಿ ಗೋಡೆಗೊರಗಿ ಕೂರುತ್ತಿದ್ದೆ. ಇಷ್ಟು ವರ್ಷದ ಸಂಸಾರದಲ್ಲಿ ಅಡುಗೆಯ ಹೊತ್ತಿನಲ್ಲಿ ನಾನು ಅಲ್ಲಿ ಕುಳಿತವನೇ ಅಲ್ಲ. ಗದ್ದೆ, ಗಾಡಿ, ಓದು. ಉಣ್ಣುವ ಹೊತ್ತಿಗೆ ತಟ್ಟೆ. ಅವಳಿಗೂ ನಾನಲ್ಲಿರುವುದು ಹಿಡಿಸಲಿಲ್ಲ. "ಆಚೆ ಓಗಿ ಜಗಲಿ ಮೇಲೆ ಕುಂತ್ಕಳಿ, ಒಗೆ ಬತ್ತದೆ" ಎಂದಳು. ಒಲೆ ಗ್ಯಾಸಿನದು, ಹೊಗೆ ಇರಲಿಲ್ಲ. ನಾನು ಏಳಲಿಲ್ಲ.

ಅವಳು ದಂಟಿನ ಸೊಪ್ಪು ಬೇಯಿಸಿ ಬಸಿದಳು. ಕೆಂಪು ದಂಟು, ಕಟ್ಟು ಕುಂಕುಮ ಕದಡಿದಂತೆ ಇಳಿಯಿತು. ಅದನ್ನು ಬಚ್ಚಲಿಗೆ ಒಯ್ಯುತ್ತಾಳೆಂದು ನೋಡುತ್ತಿದ್ದೆ. ತಟ್ಟೆ ಮುಚ್ಚಿ ಪಕ್ಕಕ್ಕಿಟ್ಟಳು. ನನ್ನ ಕಡೆ ಬೆನ್ನು ಹಾಕಿ ನಿಂತು, ಮುದ್ದೆಗೆ ಎಸರಿಡುವ ಚಿಕ್ಕ ಪಾತ್ರೆಗೆ ಅದರಿಂದಲೇ ಸುರಿದಳು. ನನ್ನೊಬ್ಬನ ಮುದ್ದೆಯ ಪಾತ್ರೆ. ಕುದಿಯತೊಡಗಿದ ಮೇಲೆ ರಾಗಿಹಿಟ್ಟು ಬಿತ್ತು. ರಾಗಿಯ ಬಣ್ಣದಲ್ಲಿ ಎಲ್ಲ ಬಣ್ಣವೂ ಮುಳುಗಿಹೋಗುತ್ತದೆ.

"ಅದೇನು ನೀರು?" ಎಂದೆ.

ಹಿಟ್ಟಿನ ಕೋಲು ನಿಂತಿತು. "ನೀರು."

"ಕಟ್ಟು ಅದು."

"ಗೊತ್ತಿದ್ ಮೇಲೆ ಯಾಕ್ ಕೇಳ್ತೀರಿ?"

"ಯಾವತ್ತಿನಿಂದ?"

ಅವಳು ಪಾತ್ರೆಯನ್ನು ಒಲೆಯಿಂದ ನೆಲಕ್ಕಿಳಿಸಿ ಕೋಲು ತಿರುವತೊಡಗಿದಳು. ಎರಡು ಪಾದಗಳಲ್ಲಿ ಪಾತ್ರೆಯನ್ನು ಒತ್ತಿ ಹಿಡಿದು, ಉಸಿರು ಬಿಗಿದು, ಗಂಟಾಗದಂತೆ ತಿರುವಿದಳು. ತಿರುವುತ್ತಲೇ ಮಾತಾಡಿದಳು.

"ಮೊದಲ್ನಿಂದ. ಸೊಪ್ಪಿನ ಸಕ್ತಿ ಎಲ್ಲಾನೂ ಮೋರಿಗ್ ಸುರಿದ್ಬುಟ್ಟು ಬರೀ ನಾರು ಆಕ್ಲಾ ನಿಮಗೆ? ದನಕ್ಕೂ ಅಂಗ್ ಆಕಾಕಿಲ್ಲ ನಾನು. ಕೈ ನೋಡ್ಕಳಿ ನಿಮ್ದು, ಕಡ್ಡಿ ಆಗ್ಬುಟ್ಟದೆ. ನಮ್ಮವ್ವ ಬಾಣ್ತೀರ್‌ಗೆಲ್ಲಾ ಕಟ್ಟು ಕುಡ್ಸೇ ಎಬ್ಬಿಸಿದ್ದು."

"ನಾನು ಬಾಣಂತಿಯಲ್ಲ. ನಾನು ಸಾಯುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ನೀನೇ ನೋಡಿದೆ."

"ಅದು ಸುಸ್ತಿಗೆ."

"ಸುಸ್ತಿಗಲ್ಲ. ಇದಕ್ಕೆ. ಆಸ್ಪತ್ರೆಯವರು ಆವತ್ತೇ ಹೇಳಿದ್ದರು, ನಿನ್ನ ಎದುರಿಗೇ."

ಆಗ ಅವಳು ಕೋಲನ್ನು ಕೆಳಗಿಟ್ಟಳು. ಅಳಲಿಲ್ಲ, ದನಿ ಏರಿಸಲೂ ಇಲ್ಲ.

"ಅವ್ರು ಏಳ್ತಾರೆ. ಯಾರಾದ್ರೂ ಏಳಿದ್ದ ಅಂಗೇ ನಂಬ್ಬೇಡ ಕಣಮ್ಮಿ, ನಿನ್ ಕಣ್ಣಲ್ಲಿ ಕಂಡದ್ದ ನಂಬು ಅಂತ ಈ ಮನೇಲಿ ಯಾರು ಏಳ್ಕೊಟ್ಟಿದ್ದು? ಪೂಜಾರಪ್ಪ ಏಳಿದ್ರೂ ನಂಬ್ಬೇಡ, ಮೇಷ್ಟ್ರು ಏಳಿದ್ರೂ ನಂಬ್ಬೇಡ. ನಾನು ನನ್ ಕಣ್ಣಲ್ಲಿ ಕಂಡಿದ್ದು ನೀವು ಸೊರಗದು. ಕಟ್ಟು ಕುಡಿದವ್ರು ಎದ್ದಿದ್ದು."

ನನ್ನ ಬಳಿ ಉತ್ತರವಿತ್ತು. ಒಂದಲ್ಲ, ಹಲವಾರು ಇದ್ದವು. ಕಣ್ಣಿಗೆ ಕಂಡದ್ದನ್ನೂ ಒರೆಗೆ ಹಚ್ಚಬೇಕು, ಒಂದು ರೋಗದ ಮದ್ದು ಇನ್ನೊಂದಕ್ಕೆ ವಿಷವಾದೀತು, ಸಂಶಯಪಡುವುದಕ್ಕೂ ಮೊದಲು ತಿಳಿದುಕೊಳ್ಳಬೇಕು, ಇತ್ಯಾದಿ. ಇವೆಲ್ಲವನ್ನೂ ಅವಳಿಗೆ ಎಂದಾದರೂ ಹೇಳಿದ್ದೆನೇ ಎಂದು ನೆನೆದುಕೊಂಡೆ. ನಂಬಬೇಡ ಎಂಬ ಅರ್ಧವನ್ನು ಮಾತ್ರ ಅವಳು ಕೇಳಿಸಿಕೊಂಡಿದ್ದಳು. ಉಳಿದರ್ಧವನ್ನು ನಾನು ಜಗಲಿಯ ಮೇಲೆ ಗಂಡಸರೊಡನೆ ಚರ್ಚಿಸುತ್ತಿದ್ದೆ. ಅವಳು ಒಳಗೆ ಅಡುಗೆ ಮಾಡುತ್ತಿದ್ದಳು.

ಆ ಮುದ್ದೆಯನ್ನು ನಾನು ಉಣ್ಣಲಿಲ್ಲ. ಅವಳೂ ಉಣ್ಣಲಿಲ್ಲ. ತಟ್ಟೆಯಲ್ಲಿ ಅದು ಬಿರಿದು ಗಟ್ಟಿಯಾಯಿತು.

ಮರುದಿನದಿಂದ ನನ್ನ ಅಡುಗೆ ನನ್ನದು. ಅವಳು ಒಮ್ಮೆ, "ಇನ್ನ ಕಟ್ಟ ಆಕಾಕಿಲ್ಲ ಬುಡಿ, ಒಲೆ ಮುಂದಿಂದ ಏಳಿ" ಎಂದಳು. ನಾನು ಏಳಲಿಲ್ಲ. ಅವಳ ಮಾತನ್ನು ನಂಬಲಿಲ್ಲ ಎಂಬುದೇ ಸರಿ. ನನ್ನ ಕೊರಳು ಒತ್ತಿದ್ದು ವೈರಿಯ ಕೈಯಾಗಿದ್ದರೆ ದೂರವಿಟ್ಟು ಮರೆಯಬಹುದಿತ್ತು. ನನ್ನ ಬಗ್ಗೆ ಮರುಕಗೊಂಡ ಕೈ ನಾಳೆ ಮತ್ತೆ ಮರುಕಗೊಳ್ಳುವುದಿಲ್ಲವೆಂದು ಯಾರು ಹೇಳಬಲ್ಲರು? ಸಿಸ್ಟರ್‌ಗೆ ನಡೆದದ್ದನ್ನು ತಿಳಿಸಿದೆ. ನನ್ನ ಮೇಲಿನ ಆಪಾದನೆ ಹೋಗಲಿ ಎಂಬ ಆಸೆಯಿಂದಲೇ ತಿಳಿಸಿದೆ. ಅವಳು ಸೂಜಿ ಚುಚ್ಚುತ್ತಾ, "ನಮ್ಮವ್ವನಾದ್ರೂ ಅಂಗೇ ಮಾಡ್ತಿದ್ಲು ತಾತ" ಎಂದಳು. ಕ್ಷಮೆ ಕೇಳಲಿಲ್ಲ.

ಈಗ ಬೆಳಿಗ್ಗೆ ಕೈಯನ್ನು ಕಿವಿಗೆ ಹಿಡಿದು ಸದ್ದು ಕೇಳಿ, ಸೊಪ್ಪು ಬಿಡಿಸಲು ಕೂರುತ್ತೇನೆ. ಎಡಗೈಗೆ ಭಾರ ಬೀಳದಂತೆ ಪಾತ್ರೆಯನ್ನು ಕಟ್ಟೆಯ ಅಂಚಿಗೆ ಒರಗಿಸಿ ಬಸಿಯುವುದನ್ನು ಕಲಿತಿದ್ದೇನೆ. ಮೊದಲ ಸಲ ಕಟ್ಟನ್ನು ಹಿತ್ತಲಿನ ಮೋರಿಗೆ ಸುರಿಯುವಾಗ ಪಕ್ಕದ ಮನೆಯ ಹೆಂಗಸು ಗೋಡೆಯ ಮೇಲಿಂದ ನೋಡಿದಳು. ವರಸೆಯಲ್ಲಿ ಅವಳು ನನಗೆ ಸೊಸೆಯಾಗಬೇಕು.

"ಅಯ್ಯೋ ಮಾವ, ಕಟ್ಟ ಯಾರಾದ್ರೂ ಸುರಿದಾರಾ? ಇತ್ಲಾಗ್ ಕೊಡಿ. ನಮ್ಮನೇಲಿ ಉಣ್ಣೋರ್ ಇದ್ದಾರೆ."

ಕೊಟ್ಟೆ. ಅಂದಿನಿಂದ ಅದೇ ರೂಢಿಯಾಗಿದೆ. ನಾನು ಬಸಿಯುವ ಹೊತ್ತಿಗೆ ಅವಳ ಪಾತ್ರೆ ಗೋಡೆಯ ಮೇಲೆ ಬಂದು ಕುಳಿತಿರುತ್ತದೆ. ಸ್ವಲ್ಪ ಹೊತ್ತಿಗೆ ಬೆಳ್ಳುಳ್ಳಿ ಮೆಣಸಿನ ಒಗ್ಗರಣೆಯ ಘಮ ಅದೇ ಗೋಡೆ ದಾಟಿ ಇತ್ತ ಬರುತ್ತದೆ. ನನ್ನ ಹೆಂಡತಿ ನಮ್ಮ ಮನೆಯಲ್ಲಿ ಬಸ್ಸಾರು ಮಾಡುವುದನ್ನು ಬಿಟ್ಟಿದ್ದಾಳೆ. ಮಧ್ಯಾಹ್ನ ತನ್ನ ಮುದ್ದೆಯನ್ನು ತಟ್ಟೆಯಲ್ಲಿಟ್ಟುಕೊಂಡು ಪಕ್ಕದ ಮನೆಯ ಜಗಲಿಗೆ ಹೋಗಿ ಕೂರುತ್ತಾಳೆ. ಅವರು ಸಾರು ಬಿಡುತ್ತಾರೆ. ನಾನು ಇಲ್ಲಿ ನನ್ನ ನಾರಿನ ಪಲ್ಯವನ್ನು ಅನ್ನಕ್ಕೆ ಕಲಸಿಕೊಳ್ಳುತ್ತಾ ಅವರ ಮಾತು ಕೇಳುತ್ತೇನೆ. ನನ್ನ ವಿಷಯ ಅದರಲ್ಲಿ ಬರುವುದಿಲ್ಲ. ರಕ್ತದ ಪರೀಕ್ಷೆ ಸರಿಯಾಗಿದೆ. ಕಾಲುಗಳು ಮತ್ತೆ ನನ್ನವಾಗಿವೆ, ಬಸ್ಸಿನ ಮೆಟ್ಟಿಲನ್ನು ನಾನೇ ಹತ್ತುತ್ತೇನೆ.

ಮೊನ್ನೆ ಅವಳು ಉಂಡು ಬಂದು, ತಟ್ಟೆ ತೊಳೆದು ಬೋರಲು ಹಾಕಿ, ಬಾಗಿಲ ಬಳಿ ನಿಂತಳು.

"ಕಟ್ಟು ತೆಳ್ಳಗಾಯ್ತದೆ ಈಚೀಚೆಗೆ. ಸಾರು ಸಪ್ಪೆ. ಬೇಯಾಕಿಡುವಾಗ ನೀರ ಒಸಿ ಕಮ್ಮಿ ಆಕಿ."

"ನೀರು ಜಾಸ್ತಿ ಇದ್ದಷ್ಟೂ ನನಗೆ ಒಳ್ಳೆಯದು" ಎಂದೆ.

"ಊಂ. ನಿಮಗೆ ಒಳ್ಳೇದು" ಎಂದು ಒಳಗೆ ಹೋದಳು.

ಮರುದಿನ ಸೊಪ್ಪು ಬೇಯಲಿಡುವಾಗ ನಾನು ಇನ್ನೂ ಒಂದು ಚೊಂಬು ನೀರು ಸುರಿದೆ.